ತೀರ್ಥ ಕುಡಿದ ಬತ್ತಿ

ಅಗ್ಲಾಯಾ ಮೊಮ್ಮಗಳ ಬೆನ್ನಿಗೆ ಕಿವಿಯಿಟ್ಟು, ತನ್ನ ಉಸಿರು ಹಿಡಿದು ಕೇಳಿಸಿಕೊಂಡಳು. ಒಳಗೆಲ್ಲೋ ಒಡಕು ಪೀಪಿ ಊದಿದಂಥ ಸಣ್ಣ ಸದ್ದು. ನಿನ್ನೆಯೂ ಇತ್ತು. ಇವತ್ತು ಒಂದು ಕೂದಲೆಳೆಯಷ್ಟು ಹೆಚ್ಚೇ ಇತ್ತು. ನಾಲ್ಕು ವರ್ಷದ ಸ್ಮರಾಂಡಾ ಮಾತ್ರ ಅಜ್ಜಿಯ ತಲೆ ಭಾರ ಎಂದು ಗೊಣಗಿ, ಹಾಲಿನಲ್ಲಿ ಅದ್ದಿದ ಬ್ರೆಡ್ಡನ್ನು ಬಾಯಿಗಿಟ್ಟುಕೊಂಡಳು.

"ಹೇಗಿದೆ ಅತ್ತೆ?" ಬಾಗಿಲಲ್ಲಿ ಬೂಟು ಏರಿಸುತ್ತಿದ್ದ ಸೊಸೆ ರುಕ್ಸಾಂದ್ರಾ ಕೇಳಿದಳು.

"ಪರವಾಗಿಲ್ಲ ತಾಯಿ, ನೀನು ಹೋಗ್ಬಾ."

ಆ 'ಪರವಾಗಿಲ್ಲ' ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಕನ್ನಡಕದಂಗಡಿ ಒಂಬತ್ತಕ್ಕೆ ತೆರೆಯಬೇಕು; ಟ್ರಾಮ್ ಓಡಿಸುವ ಮಗ ನೆಕುಲಾಯ್ ಬೆಳಗಿನ ಐದಕ್ಕೇ ಹೊರಟಾಗಿತ್ತು. ಹಗಲಿಡೀ ಆ ಮಗುವಿನ ಉಸಿರಿಗೆ ಕಾವಲು ಅಂತ ಇದ್ದವಳು ಅಗ್ಲಾಯಾ ಒಬ್ಬಳೇ.

ಮೂರು ವಾರದ ಹಿಂದೆ ಬೆಕ್ಕು ಗಿತ್ಸಾನನ್ನು ಬುಟ್ಟಿಯಲ್ಲಿ ಹಾಕಿ ಅಗ್ಲಾಯಾಳ ಹಳ್ಳಿಗೆ, ಪಕ್ಕದ ಮನೆಯವಳ ಹತ್ತಿರ ಕಳಿಸಿದ್ದರು. ಬೆಕ್ಕಿನ ಕೂದಲಿಗೇ ಕೆಮ್ಮು ಬರುತ್ತಿರಬೇಕು ಎಂದು ರುಕ್ಸಾಂದ್ರಾಳ ಅನುಮಾನ. ಮಗು ಬುಟ್ಟಿಯನ್ನು ತಬ್ಬಿಕೊಂಡು ರಂಪ ಮಾಡಿದಾಗ ಅವಳು ಮಂಡಿಯೂರಿ ಕುಳಿತು ಹೇಳಿದ್ದಳು: "ನೋಡು ಬಂಗಾರಿ, ನಿಂಗೆ ಕೆಮ್ಮು ಬರ್ಸೋದು ಏನೇ ಇರ್ಲಿ, ಯಾರೇ ಇರ್ಲಿ, ಅವ್ರು ಹಳ್ಳಿಗೆ ಹೋಗ್ಬೇಕು. ಈ ಮನೇಲಿರಂಗಿಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಮಾತಿಗೆ ಅಗ್ಲಾಯಾಳ ಕೈ ತಂತಾನೇ ಏಪ್ರನ್ನಿನ ಜೇಬಿಗೆ ಹೋಗಿತ್ತು. ಜೇಬಿನಲ್ಲಿ ಒಂದು ಪುಟ್ಟ ಬಾಟಲಿಯಿತ್ತು.

ಆ ಬಾಟಲಿಯ ವಿಷಯಕ್ಕೆ ಬರುವ ಮೊದಲು ಯಂತ್ರದ ವಿಷಯ ಹೇಳಬೇಕು.

ಯಾಶ್ ಊರಿನ ಚಳಿಗಾಲದಲ್ಲಿ ಹೊರಗೆ ಹಿಮ ಗಡ್ಡೆಕಟ್ಟಿದರೂ ಈ ಬಹುಮಹಡಿ ಮನೆಗಳ ಒಳಗೆ ಹಪ್ಪಳ ಒಣಗಿಸಬಹುದು. ಗೋಡೆಯ ರೇಡಿಯೇಟರ್ ಹಗಲೂ ರಾತ್ರಿ ಕಾಯುತ್ತದೆ, ಗಾಳಿಯಲ್ಲಿದ್ದ ಪಸೆಯನ್ನೆಲ್ಲ ಹೀರಿಬಿಡುತ್ತದೆ. ನವೆಂಬರಿನಲ್ಲಿ ಸ್ಮರಾಂಡಾಳ ಮೂಗಿನಿಂದ ಎರಡು ಸಲ ರಕ್ತ ಬಂತು, ಒಣಕೆಮ್ಮು ಹತ್ತಿತು. ಮೊದಲು ಎಲ್ಲರ ಮನೆಯಂತೆ ರೇಡಿಯೇಟರಿಗೆ ಪಿಂಗಾಣಿಯ ನೀರಿನ ತೊಟ್ಟಿ ನೇತುಹಾಕಿದರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾಯಿತು. ಆಮೇಲೆ ಮಂಜು ಉಗುಳುವ ಒಂದು ಯಂತ್ರ ತಂದರು. ನೋಡಲು ಬಲು ಚೆಂದ, ಆದರೆ ಇಲ್ಲಿನ ಗಡಸು ನೀರಿಗೆ ವಾರದೊಳಗೆ ಕಪಾಟು, ಟೀವಿ, ಮಗುವಿನ ದಿಂಬು ಎಲ್ಲದರ ಮೇಲೂ ಸುಣ್ಣದ ಬಿಳಿಪುಡಿ. ಆ ಪುಡಿಯನ್ನೇ ಮಗು ಉಸಿರಾಡುತ್ತಿದೆಯೆಂದು ರುಕ್ಸಾಂದ್ರಾ ಅದನ್ನು ಅಂಗಡಿಗೇ ಹಿಂದಿರುಗಿಸಿದಳು. ಕನ್ನಡಕದ ಗಾಜನ್ನು ಮಿಲಿಮೀಟರಿನಲ್ಲಿ ಅಳೆಯುವ ಹೆಂಗಸು ಅವಳು, ಯಾವುದನ್ನೂ ಅಂದಾಜಿಗೆ ಬಿಡುವವಳಲ್ಲ. ಕೋಣೆಯ ಉದ್ದಗಲ ಅಳೆದು, ನಾಲ್ಕಾರು ದಿನ ಓದಿ, ಕೊನೆಗೆ ಮೂರನೆಯದನ್ನು ತಂದಳು: ಕೆಳಗೆ ನೀರಿನ ತೊಟ್ಟಿ, ಅದರಲ್ಲಿ ನಿಂತ ಜೇನುಗೂಡಿನಂಥ ದಪ್ಪ ಬತ್ತಿ, ಹಿಂದೊಂದು ಫ್ಯಾನು. ಬತ್ತಿ ನೀರು ಹೀರುತ್ತದೆ, ಫ್ಯಾನಿನ ಗಾಳಿ ಬತ್ತಿಯೊಳಗೆ ಹಾದು ತೇವ ಹೊತ್ತು ಬರುತ್ತದೆ, ಸುಣ್ಣ ಬತ್ತಿಯಲ್ಲೇ ಉಳಿಯುತ್ತದೆ. ತೇವ ಅಳೆಯುವ ಪುಟ್ಟ ಡಬ್ಬಿಯಲ್ಲಿ ಇಪ್ಪತ್ನಾಲ್ಕಿದ್ದದ್ದು ನಲವತ್ತೈದಕ್ಕೆ ಬಂತು. ಡಿಸೆಂಬರಿಡೀ ಮಗು ಕೆಮ್ಮಲಿಲ್ಲ.

ಫ್ರಿಜ್ಜಿನ ಬಾಗಿಲಿಗೆ ರುಕ್ಸಾಂದ್ರಾ ಒಂದು ಚೀಟಿ ಅಂಟಿಸಿದಳು. ದಿನಾ ಉಳಿದ ನೀರು ಚೆಲ್ಲಿ ಹೊಸ ನೀರು ತುಂಬುವುದು. ಶನಿವಾರ ವಿನೆಗರ್ ಹಾಕಿ ತೊಟ್ಟಿ ತಿಕ್ಕುವುದು. ಎರಡು ತಿಂಗಳಿಗೊಮ್ಮೆ ಹೊಸ ಬತ್ತಿ. ಫ್ಯಾನು ನಿಲ್ಲಿಸಕೂಡದು. ನೀರಿಗೆ ಬೇರೇನನ್ನೂ ಬೆರೆಸಕೂಡದು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ. ಹಗಲು ಮನೆಯಲ್ಲಿರುವವಳು ನಾನೇ, ಅದೆಲ್ಲ ನಾನು ನೋಡಿಕೊಳ್ಳುತ್ತೇನೆ ಎಂದು ಅಗ್ಲಾಯಾ ಒಪ್ಪಿಕೊಂಡಳು. ಒಪ್ಪಿಕೊಂಡಂತೆ ನಡೆದುಕೊಂಡಳು ಕೂಡ, ಜನವರಿ ಆರರ ತನಕ.

ಜನವರಿ ಆರು ಎಂದರೆ ನೀರಿನ ಹಬ್ಬ. ಇಗರ್ಜಿಯ ಅಂಗಳದಲ್ಲಿ ಪಾದ್ರಿಗಳು ಹಂಡೆಗಟ್ಟಲೆ ನೀರನ್ನು ಮಂತ್ರಿಸಿ, ತುಳಸಿಯಂಥ ಬ್ಯಾಸಿಲ್ ಸೊಪ್ಪಿನ ಕಟ್ಟಿನಿಂದ ಜನರ ಮೇಲೆ ಚಿಮುಕಿಸುತ್ತಾರೆ. ಆ ತೀರ್ಥ ಮುಂದಿನ ಹಬ್ಬದವರೆಗೂ ಕೆಡುವುದಿಲ್ಲ. ಅದರ ಒಂದು ಹನಿ ಬಿದ್ದರೆ ಇಡೀ ಕೊಡವೇ ತೀರ್ಥ. ಅದನ್ನು ಬಚ್ಚಲಿಗೆ ಚೆಲ್ಲುವುದು ಮಹಾಪಾಪ. ಅಗ್ಲಾಯಾ ಐದು ಲೀಟರಿನ ಕ್ಯಾನು ತುಂಬಿಸಿ ತಂದಳು, ಅದರಿಂದ ಒಂದಿಷ್ಟನ್ನು ಪುಟ್ಟ ಬಾಟಲಿಗೆ ಸುರಿದು ಜೇಬಿನಲ್ಲಿಟ್ಟುಕೊಂಡಳು. ಮಾರನೆಯ ಬೆಳಿಗ್ಗೆ ಯಂತ್ರದ ಮುಚ್ಚಳ ತೆಗೆದು ಒಂದು ಚಮಚ ಸುರಿದಳು, ಮೇಲೊಂದು ಒಣಗಿದ ಬ್ಯಾಸಿಲ್ ಕಡ್ಡಿ.

ಯಾಕೆ ಎಂದು ಕೇಳಿದರೆ ಸವೇತಾಳ ಹೆಸರು ಹೇಳಬೇಕಾಗುತ್ತದೆ. ಸವೇತಾ ಅವಳ ಚೊಚ್ಚಲ ಮಗಳು. ಮೂರು ವರ್ಷದವಳಿದ್ದಾಗ ಒಂದು ಫೆಬ್ರವರಿಯಲ್ಲಿ ಹಳ್ಳಿಯ ಮನೆಯಲ್ಲಿ ಉಸಿರು ಕಟ್ಟಿ ತೀರಿಕೊಂಡಿದ್ದಳು. ಹಿಮದಲ್ಲಿ ಪಾದ್ರಿಗಳು ಬಂದು ತುಟಿಗೆ ತೀರ್ಥ ಮುಟ್ಟಿಸುವ ಹೊತ್ತಿಗೆ ಮಗು ತಣ್ಣಗಾಗಿತ್ತು. ನಲವತ್ತೊಂದು ವರ್ಷದಿಂದ ಆ ತಾಯಿಯ ಎದೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು: ತಡವಾಯಿತು. ಈ ಸಲ ತಡವಾಗಬಾರದು. ಈ ಮಗು ಎಳೆದುಕೊಳ್ಳುವ ಒಂದೊಂದು ಉಸಿರೂ ತೀರ್ಥದ್ದೇ ಆಗಿರಲಿ.

ಮುದುಕಿಯ ಪ್ರೀತಿಯನ್ನು ನಾನು ಹೀಗಳೆಯಲಾರೆ. ಆದರೆ ಒಂದು ತಪ್ಪು ಇನ್ನೊಂದರ ಕೈ ಹಿಡಿದುಕೊಂಡೇ ಬರುತ್ತದೆ, ನೋಡಿ. ತೊಟ್ಟಿಯಲ್ಲಿ ತೀರ್ಥವಿದ್ದ ಮೇಲೆ ಅದನ್ನು ಬಚ್ಚಲಿಗೆ ಚೆಲ್ಲುವುದು ಹೇಗೆ? ಹಾಗಾಗಿ ಹಳೆಯ ನೀರಿನ ಮೇಲೇ ಹೊಸದು. ಶನಿವಾರ ವಿನೆಗರ್ ಹಾಕುವುದು ಹೇಗೆ? ಶಿಲುಬೆಯ ಮೇಲಿದ್ದ ಸ್ವಾಮಿಯ ಬಾಯಿಗೆ ಇಟ್ಟಿದ್ದು ವಿನೆಗರ್, ಅದನ್ನು ತೀರ್ಥಕ್ಕೆ ಬೆರೆಸಲು ಅವಳ ಕೈ ಬರಲಿಲ್ಲ. ಇನ್ನು ಫ್ಯಾನು. ಅಡ್ಡಗಾಳಿ ಬಡಿದರೆ ಮಗುವಿಗೆ ಕಿವಿನೋವು, ಎದೆಕಟ್ಟು ಎಂದು ಇಲ್ಲಿನ ಅಜ್ಜಿಯರೆಲ್ಲ ನಂಬಿದವರೇ. ಸೊಸೆ ಮೆಟ್ಟಿಲಿಳಿದ ಕೂಡಲೇ ಅಗ್ಲಾಯಾ ಫ್ಯಾನು ಆರಿಸುವಳು, ಐದು ಗಂಟೆಗೆ ಮತ್ತೆ ಹಾಕುವಳು. ಒದ್ದೆ ಬತ್ತಿ ಬೆಚ್ಚಗಿನ ಕೋಣೆಯಲ್ಲಿ ದಿನವಿಡೀ ಉಸಿರಾಡದೆ ನಿಂತಿರುತ್ತಿತ್ತು. ತೀರ್ಥ ತಗೊಂಡರೆ ಶೀತ, ಮಂಗಳಾರತಿ ತಗೊಂಡರೆ ಉಷ್ಣ ಎಂದು ನಾವು ನಗುವುದಕ್ಕೆ ಹೇಳುತ್ತೇವೆ. ಅವಳ ಮನೆಯಲ್ಲಿ ಅದು ನಗುವ ಮಾತಾಗಿ ಉಳಿಯಲಿಲ್ಲ.

ಕೆಮ್ಮು ಜನವರಿ ಕೊನೆಯಲ್ಲಿ ಮರಳಿ ಬಂತು. ಅಗ್ಲಾಯಾ ದಿನದ ತೀರ್ಥವನ್ನು ಒಂದು ಚಮಚದಿಂದ ಎರಡಕ್ಕೇರಿಸಿದಳು. ಬೆಕ್ಕು ಹೋಯಿತು, ಕೆಮ್ಮು ಹೋಗಲಿಲ್ಲ. ಎರಡನ್ನು ಮೂರು ಮಾಡಿದಳು.

ಆ ದಿನ ಮಧ್ಯಾಹ್ನ ಹುಳಿಸಾರು ಕುಡಿಸಿ ಮಗುವನ್ನು ಮಲಗಿಸಿದಳು. ಬಾಟಲಿ ತೆಗೆದುಕೊಂಡು ಯಂತ್ರದ ಮುಂದೆ ಕುಳಿತು ಮುಚ್ಚಳ ತೆಗೆದಳು. ನೆಲಮಾಳಿಗೆಯಲ್ಲಿ ಮರೆತುಹೋದ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ಮೂರ್ನಾಲ್ಕು ದಿನದಿಂದ ಸಣ್ಣಗೆ ಬರುತ್ತಿದ್ದದ್ದೇ. ಬ್ಯಾಸಿಲ್ ಸೊಪ್ಪಿನದು ಎಂದು ಸಮಾಧಾನ ಹೇಳಿಕೊಂಡಿದ್ದಳು. ಇವತ್ತು ಆ ಸಮಾಧಾನ ನಿಲ್ಲಲಿಲ್ಲ. ಎರಡು ಬೆರಳಲ್ಲಿ ಬತ್ತಿಯನ್ನು ಹಿಡಿದೆತ್ತಿದಳು.

ಕೆಳಗಿನ ಅರ್ಧ ಕಪ್ಪಾಗಿತ್ತು. ಕಪ್ಪಿನ ಮೇಲೆ ಹಸಿರು ಬೂಷ್ಟು, ಅಂಚಿನಲ್ಲಿ ಲೋಳೆ, ಲೋಳೆಯಲ್ಲಿ ಕೊಳೆತು ಅಂಟಿಕೊಂಡ ಬ್ಯಾಸಿಲ್ ಎಲೆ.

ಅವಳು ಬತ್ತಿಯನ್ನು ನೆಲದ ಮೇಲಿಟ್ಟಳು. ಓಡಿಹೋಗಿ ಕಪಾಟಿನ ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರಲ್ಲಿದ್ದ ತೀರ್ಥ ಕನ್ನಡಿಯಷ್ಟು ತಿಳಿ. ತೀರ್ಥ ಕೆಟ್ಟಿರಲಿಲ್ಲ. ತಾನು ಅದನ್ನು ಇಟ್ಟ ಜಾಗ ಕೆಟ್ಟಿತ್ತು. ಆರು ವಾರದಿಂದ ಮೊಮ್ಮಗಳು ಎಳೆದುಕೊಂಡ ಉಸಿರು ಈ ಕಪ್ಪಿನೊಳಗಿಂದ ಬಂದದ್ದು. ದೇವರ ಪಟದ ಮುಂದಿನ ದೀಪಕ್ಕೆ ದಿನಾ ಬೆಳಿಗ್ಗೆ ಹೊಸ ಬತ್ತಿ ಹೊಸೆಯುವ ಕೈಗಳು ತನ್ನವು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೇಸಿಗೆಯ ಹಿಂದೆಯೇ ಭಯ. ಹಳ್ಳಿಯ ಮನೆ ಬೀಗ ಹಾಕಿ ಎರಡು ವರ್ಷವಾಗಿತ್ತು. ಅಲ್ಲಿ ಒಲೆಯ ಪಕ್ಕ ಒಬ್ಬಳೇ ಕುಳಿತು, ಭಾನುವಾರ ಫೋನಿನಲ್ಲಿ ಮೊಮ್ಮಗಳ ಮುಖ ನೋಡುವುದು. ಯಾರೇ ಇರಲಿ ಎಂದಿದ್ದಳಲ್ಲ ಸೊಸೆ, ಹೇಳಿದಂತೆ ಮಾಡುವ ಹೆಂಗಸು ಅವಳು. ಹೊಸ ಬತ್ತಿ ಕಪಾಟಿನಲ್ಲೇ ಇದೆ. ತೊಟ್ಟಿ ತಿಕ್ಕಿ, ಹೊಸದನ್ನಿಟ್ಟು, ಹಳೆಯದನ್ನು ಕೆಳಗಿನ ಕಸದ ತೊಟ್ಟಿಗೆ ಎಸೆದರೆ ಆಯಿತು. ಮಗುವಿಗೂ ವಾಸಿಯಾಗುತ್ತದೆ, ನರಪಿಳ್ಳೆಗೂ ಗೊತ್ತಾಗುವುದಿಲ್ಲ.

ಬತ್ತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಗಂಟು ಹಾಕಿದಳು, ಶಾಲು ಹೊದ್ದು ಬಾಗಿಲಿನ ಚಿಲಕಕ್ಕೆ ಕೈಯಿಟ್ಟಳು.

ಆಗ ಕೋಣೆಯಿಂದ ಆ ಸದ್ದು ಕೇಳಿತು. ನಲವತ್ತೊಂದು ವರ್ಷದ ಹಿಂದೆ ಕೇಳಿದ್ದ ಅದೇ ಸದ್ದು. ಮಗು ಹಾಸಿಗೆಯಲ್ಲಿ ಎದ್ದು ಕೂತಿತ್ತು, ಎರಡೂ ಕೈ ಊರಿಕೊಂಡು. ಒಂದೊಂದು ಉಸಿರಿಗೂ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗುತ್ತಿತ್ತು. ತುಟಿ ನೀಲಿಗಟ್ಟಿತ್ತು. ಅಳುವುದಕ್ಕೂ ಅದರ ಹತ್ತಿರ ಉಸಿರಿರಲಿಲ್ಲ.

ಅಗ್ಲಾಯಾ ಕಿಟಕಿಯನ್ನು ಪೂರಾ ತೆರೆದಳು, ಅಡ್ಡಗಾಳಿಯಂತೆ, ಅಡ್ಡಗಾಳಿ. ಆಂಬುಲೆನ್ಸಿಗೆ ಫೋನು ಮಾಡಿದಳು, ಸೊಸೆಗೆ ಮಾಡಿದಳು. ಮಗುವನ್ನು ಎದೆಗೊರಗಿಸಿಕೊಂಡು "ನಿಧಾನ, ಕಂದ, ಅಜ್ಜಿ ಇದೀನಿ" ಎನ್ನುತ್ತ ಕೂತಳು. ಹನ್ನೊಂದು ನಿಮಿಷಕ್ಕೆ ಆಂಬುಲೆನ್ಸು ಬಂತು. ಆ ಹನ್ನೊಂದು ನಿಮಿಷದಲ್ಲಿ ಅವಳು ದೇವರಿಗೆ ಏನೇನು ಕೊಡುತ್ತೇನೆಂದಳೋ ಅವಳಿಗೇ ನೆನಪಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ ನೋಡಿಕೊಂಡರೆ ಪ್ಲಾಸ್ಟಿಕ್ ಚೀಲ ಇನ್ನೂ ಅವಳ ಮಣಿಕಟ್ಟಿನಲ್ಲೇ ತೂಗುತ್ತಿತ್ತು.

ಔಷಧಿಯ ಹಬೆ ಕೊಟ್ಟ ಮೇಲೆ ಮಗುವಿನ ತುಟಿಗೆ ಬಣ್ಣ ಬಂತು. ರುಕ್ಸಾಂದ್ರಾ ಅಂಗಡಿಯ ಕೋಟಿನಲ್ಲೇ ಓಡಿ ಬಂದಿದ್ದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ದಣಿದ ಕಣ್ಣು. ಇಬ್ಬರನ್ನೂ ಕೂರಿಸಿ, ಇವತ್ತಿಗೆ ಪಾರಾದೆವು, ಕಾರಣ ಸಿಗದಿದ್ದರೆ ಇದು ಮತ್ತೆ ಬರುತ್ತದೆ, ಆಗ ಹೊತ್ತಿಗೆ ಸರಿಯಾಗಿ ತಲುಪುತ್ತೀರೆಂದು ಹೇಳಲಾಗದು ಎಂದಳು. ಮನೆಯಲ್ಲಿ ಸಿಗರೇಟು? ಇಲ್ಲ. ಒದ್ದೆ ಗೋಡೆ? ಇಲ್ಲ. ಸಾಕುಪ್ರಾಣಿ? ಇದ್ದ ಬೆಕ್ಕನ್ನೂ ಕಳಿಸಿಬಿಟ್ಟೆವು. ಗಾಳಿಗೆ ತೇವ ಕೊಡುವ ಯಂತ್ರವೇನಾದರೂ?

"ಇದೆ. ಆದ್ರೆ ಅದ್ರ ಬಗ್ಗೆ ಯೋಚ್ನೆ ಬೇಡ ಡಾಕ್ಟ್ರೇ" ಎಂದಳು ರುಕ್ಸಾಂದ್ರಾ. "ನಮ್ಮತ್ತೆ ನೋಡ್ಕೋತಾರೆ. ನಂಗಿಂತ ಅಚ್ಚುಕಟ್ಟು ಅವರು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತು ಅಗ್ಲಾಯಾಳ ಗಂಟಲಲ್ಲಿ ಬಿಸಿತುಪ್ಪವಾಯಿತು. ಡಾಕ್ಟರಮ್ಮ ಹಾಗಾದರೆ ಬೇರೇನೋ ಇರಬೇಕು ಎಂದು ಬರೆದುಕೊಳ್ಳತೊಡಗಿದ್ದಳು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದಿದ್ದಕ್ಕೇ ಬೆಕ್ಕು ಹೋಗಿತ್ತು; ಇನ್ನು ಹೋಗುವುದಕ್ಕೆ ಆ ಮನೆಯಲ್ಲಿ ಉಳಿದಿದ್ದದ್ದು ಮಗು.

ಅವಳು ಚೀಲದ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು.

"ಇದು ಆ ಮೆಷಿನ್ನಿನ ಬತ್ತಿ" ಎಂದಳು. "ಹಬ್ಬದಿಂದ ನೀರು ಚೆಲ್ಲಿಲ್ಲ. ತೊಳ್ದಿಲ್ಲ. ತೀರ್ಥ ಹಾಕ್ತಿದ್ದೆ. ಮಗೂಗೆ ಅಡ್ಡಗಾಳಿ ಆಗುತ್ತೆ ಅಂತ ಫ್ಯಾನೂ ಆರಿಸ್ತಿದ್ದೆ."

ರುಕ್ಸಾಂದ್ರಾ ಚೀಲದೊಳಗೆ ನೋಡಿದಳು. ವಾಸನೆಗೆ ಮುಖ ತಿರುಗಿಸಲಿಲ್ಲ. ಚೀಲದ ಬಾಯಿ ಮಡಿಚಿ ಕೇಳಿದಳು: "ಗಿತ್ಸಾನ ಕಳ್ಸೋವಾಗ ನಿಮ್ಗೆ ಗೊತ್ತಿತ್ತಾ?"

"ಇದ್ರಿಂದ ಅಂತ ಗೊತ್ತಿರ್ಲಿಲ್ಲ. ನಾನು ಹಾಕ್ತಿದೀನಿ ಅನ್ನೋದು ಗೊತ್ತಿತ್ತಲ್ಲ. ಇವತ್ತು ಇದನ್ನ ಕಸಕ್ಕೆಸೆದು ಸುಮ್ನಾಗೋಣ ಅಂತಾನೂ ಹೊರಟಿದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ತನ್ನಜ್ಜಿಯ ಮನೆಯಲ್ಲೂ ತೀರ್ಥದ ಬಾಟಲಿ ಇದೆಯೆಂದಳು. ಬಾಟಲಿಗೆ ಮುಚ್ಚಳವಿರುತ್ತದೆ, ಈ ಬತ್ತಿಗಿಲ್ಲ. ಒದ್ದೆ, ಬೆಚ್ಚಗೆ, ಗಾಳಿಯಾಡದ ಕಡೆ ಬೂಷ್ಟು ಯಾರ ನೀರೆಂದು ಕೇಳುವುದಿಲ್ಲ. ಅಷ್ಟು ಹೇಳಿ ಔಷಧಿ ಬರೆದುಕೊಟ್ಟಳು.

ಮೂರನೆಯ ದಿನ ಸ್ಮರಾಂಡಾ ಮನೆಗೆ ಬಂದಳು. ಆ ಮೂರು ದಿನ ರುಕ್ಸಾಂದ್ರಾ ಅತ್ತೆಯೊಡನೆ ಒಂದು ಮಾತೂ ಆಡಿರಲಿಲ್ಲ. ಅಗ್ಲಾಯಾ ಯಾರೂ ಹೇಳದೆಯೇ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಮಂಚದ ಕೆಳಗಿಟ್ಟಿದ್ದಳು. ಅದೇ ಸಂಜೆ ನೆಕುಲಾಯ್ ಹಳ್ಳಿಯಿಂದ ಬುಟ್ಟಿ ತಂದು ಇಳಿಸಿದ. ಗಿತ್ಸಾ ಹೊರಗೆ ಬಂದು, ಎಲ್ಲರ ಮೇಲೂ ಕೋಪವಿದ್ದವನಂತೆ ರೇಡಿಯೇಟರಿನ ಕೆಳಗೆ ನುಸುಳಿದ.

"ಗಿತ್ಸಾ ಬಂದ್ರೆ ನಂಗೆ ಮತ್ತೆ ಕೆಮ್ಮು ಬರಲ್ವಾ?" ಮಗು ಕೇಳಿತು.

ಉತ್ತರ ಕೊಡಬೇಕಾದವಳು ತಾನೇ ಎಂದು ಅಗ್ಲಾಯಾಳಿಗೆ ಗೊತ್ತಿತ್ತು.

"ಇಲ್ಲ ಕಂದ. ಗಿತ್ಸಾ ಏನೂ ತಪ್ಪು ಮಾಡಿಲ್ಲ. ನಿಂಗೆ ಕೆಮ್ಮು ಬರ್ಸಿದ್ದು ನಾನು. ಬೇಕಂತ ಅಲ್ಲ. ಆದ್ರೂ ನಾನೇ."

ಮಗು ಅಜ್ಜಿಯ ಮುಖ ನೋಡಿತು, ಅಮ್ಮನ ಮುಖ ನೋಡಿತು. ತಾನು ಕಲಿತದ್ದನ್ನೇ ನೇರವಾಗಿ ಕೇಳಿತು:

"ಹಂಗಾದ್ರೆ ಈಗ ನೀನು ಹಳ್ಳಿಗೆ ಹೋಗ್ಬೇಕಾ ಅಜ್ಜಿ?"

ಅಗ್ಲಾಯಾಳಿಗೆ ಮಂಚದ ಕೆಳಗಿನ ಚೀಲ ನೆನಪಾಯಿತು. ರುಕ್ಸಾಂದ್ರಾ ಅಡುಗೆಮನೆಯ ನಲ್ಲಿಯ ಹತ್ತಿರ ಬೆನ್ನು ಹಾಕಿಕೊಂಡು ಯಂತ್ರದ ತೊಟ್ಟಿಗೆ ವಿನೆಗರ್ ಹಚ್ಚಿ ತಿಕ್ಕುತ್ತಿದ್ದಳು. ಅವಳ ಕೈ ನಿಂತಿತು. ಅವಳು ತೊಟ್ಟಿಯನ್ನು ತೊಳೆದಳು, ಒರೆಸಿದಳು, ಹೊಸ ಬತ್ತಿಯ ಹೊದಿಕೆ ಹರಿದಳು. ತಿರುಗಿ ಎರಡನ್ನೂ ಅತ್ತೆಯ ಕೈಗಿಟ್ಟಳು. ಕಣ್ಣು ಇನ್ನೂ ಕೆಂಪಗಿತ್ತು, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅಜ್ಜಿ ಹೋದ್ರೆ ಇದಕ್ಕೆ ದಿನಾ ನೀರು ಬದಲಾಯ್ಸೋರ್ಯಾರು?" ಎಂದು ಮಗಳಿಗೆ ಹೇಳಿದಳು.

ಅಗ್ಲಾಯಾ ನಲ್ಲಿಯ ಕೆಳಗೆ ತೊಟ್ಟಿ ಹಿಡಿದಳು. ನೀರು ಗೆರೆಯ ತನಕ ಬಂದಾಗ ನಿಲ್ಲಿಸಿದಳು, ಬತ್ತಿಯನ್ನು ನೆಟ್ಟಗೆ ಕೂರಿಸಿದಳು, ಫ್ಯಾನು ಹಾಕಿದಳು. ಗಾಳಿ ನೇರವಾಗಿ ಅವಳ ಮುಖಕ್ಕೇ ಬಂತು. ಅವಳು ಪಕ್ಕಕ್ಕೆ ಸರಿಯಲಿಲ್ಲ.