ನಟನೆ ಜಾಸ್ತಿಯಾಯ್ತು ಅಜ್ಜಿ

ಚ್ಯಾಯಿ ಪಟ್ಟಣದ ನಮ್ಮ ಆಸ್ಪತ್ರೆಯ ಔಷಧ ವಿಭಾಗಕ್ಕೆ ಹೊಸದಾಗಿ ಸೇರಿದ ತ್ಸೆಂಗ್ ಬೋಶುನ್‌ಗೆ ಮನುಷ್ಯರೆಂದರೆ ಭಯ. ಯಾವ ಮಾತ್ರೆಗೆ ಯಾವ ಮಾತ್ರೆ ಆಗಿಬರುವುದಿಲ್ಲ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಕಿಟಕಿಯಾಚೆ ರೋಗಿ ಬಂದು ನಿಂತರೆ ಮಾತ್ರ ನಾಲಗೆ ಒಣಗುತ್ತಿತ್ತು. ಒಮ್ಮೆ ಗಾಬರಿಯಲ್ಲಿ ಮಾತ್ರೆಯ ಜತೆ ತನ್ನ ಕನ್ನಡಕವನ್ನೂ ಕೊಟ್ಟು ಕಳಿಸಿದ್ದ.

ಹೊಸಬರನ್ನು ತಿದ್ದುವ ಹೊಣೆ ಲ್ಯಾವೊ ಮೇಡಂ ಅವರದು. ಇದಕ್ಕೆಂದೇ ಅವರು ಛೈಫೆಂಗ್ ಎಂಬ ಹಳೆಯ ನಾಟಕದ ನಟಿಯನ್ನು ಕರೆಸುತ್ತಿದ್ದರು. ಆಕೆ ರೋಗಿಯ ವೇಷ ಹಾಕಿ ಗೋಳಾಡಬೇಕು, ಹೊಸಬರು ತಾಳ್ಮೆಯಿಂದ ಕೇಳಿ ಔಷಧದ ಬಗ್ಗೆ ತಿಳಿಸಿ ಹೇಳಬೇಕು, ಆಮೇಲೆ ಆಕೆ ಅಂಕ ಕೊಡಬೇಕು. ಎರಡು ಗಂಟೆಗೆ ಮೂರನೇ ಕೋಣೆಗೆ ಬರುವ ಮುದುಕಿ ಬರೀ ನಟಿ ಎಂದು ಮೇಡಂ ಬೋಶುನ್‌ಗೆ ಹತ್ತು ಸಲ ಹೇಳಿದ್ದರು.

ಛೈಫೆಂಗ್ ಮುಖಕ್ಕೆ ಸುಕ್ಕು ಬರೆದುಕೊಳ್ಳುವುದರಲ್ಲಿ ತಡಮಾಡಿದರು. ಎರಡು ಗಂಟೆಗೆ ಸರಿಯಾಗಿ ಬಾಗಿಲು ತೆರೆದವಳು ಸಮುದ್ರದ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದ ಹುವಾಂಗ್ ಅಜ್ಜಿ. ಶೌಚಾಲಯ ಹುಡುಕುತ್ತ ಬಂದವಳು ತಲೆ ಸುತ್ತಿ ಅಲ್ಲೇ ಕುರ್ಚಿಯಲ್ಲಿ ಕುಸಿದಳು.

ನಾಟಕವೆಂಬ ಧೈರ್ಯಕ್ಕೆ ಬೋಶುನ್ ಅವಳ ಮುಖ ನೋಡಿ ನಕ್ಕ.

“ತಲೆಸುತ್ತು ಚೆನ್ನಾಗಿ ಬಂತು ಅಜ್ಜಿ. ಕೈ ನಡುಗಿಸೋದು ಮಾತ್ರ ಸ್ವಲ್ಪ ಜಾಸ್ತಿಯಾಯ್ತು, ಕಮ್ಮಿ ಮಾಡಿ.”

“ಕಮ್ಮಿ ಮಾಡೋಕೆ ನಂಗೇ ಬಂದಿದ್ರೆ ಇಷ್ಟು ದೂರ ಯಾಕಪ್ಪ ಬರ್ತಿದ್ದೆ?”

ಎಂಥ ನಟಿ ಎಂದು ಬೋಶುನ್ ಬೆರಗಾದ. ಔಷಧ ತೋರಿಸಿ ಎಂದಾಗ ಅಜ್ಜಿ ಚೀಲವನ್ನೇ ಮೇಜಿನ ಮೇಲೆ ಸುರಿದಳು. ಅವನು ಒಂದೊಂದನ್ನೂ ಯಾವಾಗ ನುಂಗುತ್ತೀರಿ ಎಂದು ಕೇಳುತ್ತ ಹೋದ. ಸೊಸೆಯ ಮೇಲಿನ ದೂರನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. ಕೊನೆಗೆ ಗುಟ್ಟು ಸಿಕ್ಕಿತು. ಎರಡು ಆಸ್ಪತ್ರೆಗಳವರು ಬೇರೆ ಬೇರೆ ಹೆಸರಿನಲ್ಲಿ ಒಂದೇ ರಕ್ತದೊತ್ತಡದ ಮಾತ್ರೆ ಕೊಟ್ಟಿದ್ದರು, ಅಜ್ಜಿ ಎರಡನ್ನೂ ನುಂಗುತ್ತಿದ್ದಳು. ಮೇಡಂ ಒಳ್ಳೆಯ ಒಗಟು ಹೂಡಿದ್ದಾರೆ ಎಂದು ಅವನು ಹಿಗ್ಗಿದ.

ಅಷ್ಟರಲ್ಲಿ ಛೈಫೆಂಗ್ ಕೆಮ್ಮುತ್ತ ಒಳಗೆ ಬಂದರು, ಹಿಂದೆಯೇ ಮೇಡಂ.

“ನನ್ನ ಪಾತ್ರಕ್ಕೆ ಇವ್ರನ್ನ ಯಾರು ಕರೆಸಿದ್ದು?” ಎಂದು ನಟಿ ಸಿಡುಕಿದರು.

ಬೋಶುನ್‌ಗೆ ನಿಜ ಹೊಳೆದು ನಾಲಗೆ ಅಂಗುಳಕ್ಕೆ ಅಂಟಿತು. ಅಜ್ಜಿ ಕನಿಕರದಿಂದ ಅವನ ತೋಳು ಹಿಡಿದಳು.

“ಇಲ್ಲೀ ತನಕ ಚೆನ್ನಾಗೇ ಮಾತಾಡ್ತಿದ್ಯಲ್ಲಪ್ಪ. ನಿಂಗೂ ತಲೆ ಸುತ್ತುತ್ತಾ?”

ಮೇಡಂ ವೈದ್ಯರನ್ನು ಕರೆಸಿದರು, ಅವರು ಒಂದು ಮಾತ್ರೆ ನಿಲ್ಲಿಸಿದರು. ಆಮೇಲೆ ನಡೆದ ಅಸಲಿ ಪರೀಕ್ಷೆಯಲ್ಲಿ ಬೋಶುನ್ ತೊದಲಿದ. ಛೈಫೆಂಗ್ ನೂರಕ್ಕೆ ನಲವತ್ತೊಂದು ಕೊಟ್ಟರು.

ಎರಡು ವಾರ ಕಳೆದ ಮೇಲೆ ಅಜ್ಜಿಯ ಹಳ್ಳಿಯಿಂದ ಏಳು ಜನ ಮುದುಕರು ಚೀಲ ಹಿಡಿದು ಬಸ್ಸಿಳಿದರು. ಆ ಹುಡುಗನೇ ಬೇಕೆಂದು ಹಟ ಹಿಡಿದರು. ಒಬ್ಬನ ಚೀಲದಲ್ಲಿ ಹಂದಿಗೆ ಕೊಡುವ ಜಂತುಹುಳದ ಮಾತ್ರೆ ಸಿಕ್ಕಿತು. ಅದು ತನ್ನ ಮೈಗೆ ಚೆನ್ನಾಗಿ ಒಗ್ಗಿದೆ ಎಂದು ಆತ ವಾದಿಸಿದ. ಅದನ್ನು ಬಿಡಿಸಲು ಬೋಶುನ್ ಅರ್ಧ ಗಂಟೆ ಮಾತಾಡಿದ, ಒಮ್ಮೆಯೂ ತೊದಲಲಿಲ್ಲ.