ಮಾಲೆ ಇಲ್ಲದ ಕೊರಳು

ರಾಜಾರಾಮನ ಹತ್ತಿರ ತನ್ನ ಟ್ರ್ಯಾಕ್ಟರಿನ ಕೀಲಿ ಇರಲಿಲ್ಲ. ಅದು ಅವನ ಹೆಂಡತಿ ದ್ರೌಪದಿಯ ಸೊಂಟದ ಎಲೆಯಡಿಕೆ ಚೀಲದಲ್ಲಿತ್ತು. ಶಿರಗುಪ್ಪಿಯಿಂದ ಉಗಾರದ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್. ಅವನು ಕುಡಿದು ಓಡಿಸಿ, ಮುಂದಿದ್ದ ಚಕ್ಕಡಿಗೆ ಗುದ್ದಿ, ಅಣ್ಣಾಸಾಬನ ಒಂದು ಎತ್ತು ಕೊಂದು, ತನ್ನ ಎಡಗೈಯ ಎರಡು ಬೆರಳು ಕಳೆದುಕೊಂಡ ದಿನವೇ ಅವಳು ಕೀಲಿ ಕಿತ್ತುಕೊಂಡಿದ್ದಳು. ಈಗ ಸಂಗ್ರಾಮ ಎಂಬ ಪಗಾರದ ಡ್ರೈವರ್ ಅದನ್ನು ಓಡಿಸುತ್ತಿದ್ದ. ರಾಜಾರಾಮ ಎಮ್ಮೆ ಮೇಯಿಸುತ್ತಿದ್ದ.

ಇನ್ನು ಕುಡಿಯುವುದಿಲ್ಲ ಎಂದರೆ ನಂಬುವವರಿರಲಿಲ್ಲ. ಆ ಕಡೆ ಕುಡಿತ ಬಿಡುವವರು ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡು ಬರುತ್ತಾರೆ. ರಾಜಾರಾಮ ಮೂರು ಸಲ ಹಾಕಿಸಿಕೊಂಡಿದ್ದ. ಸಂಜೆಯಾದರೆ ಅದನ್ನು ಬಿಚ್ಚಿ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿ ಹೋಗುವುದು, ಕುಡಿದು ಬಂದು ಕೈಕಾಲು ತೊಳೆದು ಮತ್ತೆ ಹಾಕಿಕೊಳ್ಳುವುದು. ಹೀಗೆ ಹಾಕಿ ಬಿಚ್ಚಿ ಮೂರೂ ಹರಿದು ಹೋದವು.

"ಆ ಗೂಟಕ್ಕ ಪೂಜಾ ಮಾಡ್ರಿ," ಎನ್ನುತ್ತಿದ್ದಳು ದ್ರೌಪದಿ. "ನಿಮಗಿಂತ ಹೆಚ್ಚು ದಿನ ಅದಽ ಮಾಲಿ ಹಾಕ್ಕೊಂಡೈತಿ."

ಅಥಣಿಯ ದವಾಖಾನೆಯಲ್ಲಿ ಅವನ ಕೈಗೆ ಪಟ್ಟಿ ಕಟ್ಟುತ್ತಿದ್ದ ಕಂಪೌಂಡರ್, "ಇದು ನಾ ಕಟ್ಟಿದ್ರ ಮಾಯತೈತಿ. ನಿನ್ನ ಇನ್ನೊಂದು ರೋಗಕ್ಕ ಇಲ್ಲಿ ಹೋಗು," ಎಂದು ಚೀಟಿಯ ಹಿಂದೆ ಬರೆದುಕೊಟ್ಟಿದ್ದ: ಕುಡಿತ ಬಿಡುವವರ ಮೀಟಿಂಗ್, ಉಗಾರ ಖುರ್ದ, ಶಾಲೆಯ ಕೋಣೆ, ರವಿವಾರ ನಾಲ್ಕು ಗಂಟೆ.

ರಾಜಾರಾಮ ತಲೆಗೆ ಸ್ನಾನ ಮಾಡಿ, ತೆಂಗಿನಕಾಯಿ, ಎಲೆ, ಹೊಸ ತುಳಸಿ ಮಾಲೆ ತೆಗೆದುಕೊಂಡು ಹೋದ. ಶಾಲೆ ಸಿಗಲಿಲ್ಲ. ಪಾನ್ ಅಂಗಡಿಯವನನ್ನು ಕೇಳಿದ: "ಕುಡುಕರ ಮೀಟಿಂಗ್ ಎಲ್ಲಿ ನಡೀತೈತ್ರಿ?"

ಅಂಗಡಿಯವನು ತಲೆ ಎತ್ತದೆ ಎದುರಿನ ಬಾರಿನ ಕಡೆ ಕೈ ತೋರಿಸಿದ. "ಅಲ್ಲೇ. ದಿನಾ."

ಹುಡುಕಿ ಹೋಗುವಷ್ಟರಲ್ಲಿ ನಾಲ್ಕೂವರೆ. ಕೋಣೆಯಲ್ಲಿ ಏಳು ಜನ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತಿದ್ದರು. ಅವರಲ್ಲಿ ಹಿರಿಯ, ಸೈಕಲ್ ರಿಪೇರಿಯ ಕಾಡಸಿದ್ದ.

"ಮಹಾರಾಜರು ಇನ್ನೂ ಬಂದಿಲ್ಲೇನ್ರಿ ಕಾಕಾ?" ರಾಜಾರಾಮ ಕೇಳಿದ.

"ಯಾವ ಮಹಾರಾಜರು?"

"ಮಾಲಿ ಹಾಕಾವ್ರು."

ಕೋಣೆಗೆ ಕೋಣೆಯೇ ನಕ್ಕಿತು. "ಇಲ್ಲಿ ಮಹಾರಾಜ ಯಾರೂ ಇಲ್ಲೋ ತಮ್ಮಾ," ಎಂದ ಕಾಡಸಿದ್ದ. "ಎಲ್ಲಾರೂ ಕುಡುಕರು. ನಾ ಕುಡೀದಽ ಹದಿಮೂರು ವರ್ಷ ಆತು. ಆದ್ರೂ ಕುಡುಕನಽ."

"ಮತ್ತ ಆಣಿ ಯಾರ ಮುಂದ ಮಾಡ್ಲಿ?"

"ಆಣಿ ಬ್ಯಾಡ. ಇವತ್ತ ಕುಡಿದೀಯೇನು?"

"ಇಲ್ರಿ."

"ಆತಲ್ಲ ಮತ್ತ, ಕೂಡು. ಆ ಕಾಯಿ ಇಲ್ಲಿ ಕೊಡು, ಚಾದ ಜೋಡಿ ತಿನ್ನೂಣು."

ಮೋಸ ಹೋದೆ ಎನಿಸಿತು ರಾಜಾರಾಮನಿಗೆ. ಆದರೂ ಮುಂದಿನ ರವಿವಾರ ಹೋದ. ಬೇರೆಲ್ಲೂ ಅವನಿಗೆ ಯಾರೂ 'ಕೂಡು' ಎಂದು ಜಾಗ ಕೊಡುತ್ತಿರಲಿಲ್ಲ. ನಾಲ್ಕು ವಾರ ಹೆಸರಷ್ಟೇ ಹೇಳಿದ. ಐದನೇ ವಾರ ಗೂಟದ ಕಥೆ ಹೇಳಿದ.

"ನಾ ಸೈಕಲ್ ಹ್ಯಾಂಡಲಿಗೆ ಹಾಕತಿದ್ದೆ," ಎಂದ ಕಾಡಸಿದ್ದ. ಇಂಥ ಹೊಲಸು ಬುದ್ಧಿ ಜಗತ್ತಿನಲ್ಲಿ ತನಗೊಬ್ಬನಿಗೇ ಎಂದು ರಾಜಾರಾಮ ತಿಳಿದಿದ್ದ. ಹೊಸ ಮಾಲೆ ಅವನ ಅಂಗಿಯ ಜೇಬಿನಲ್ಲೇ ಉಳಿಯಿತು.

ಮೂರನೇ ತಿಂಗಳು ಒಂದು ಗುರುವಾರ ಕುಡಿದ. ಯಾರೂ ನೋಡಿರಲಿಲ್ಲ. ರವಿವಾರ ಕೋಣೆಯಲ್ಲಿ ಹೇಳಿದ, ಬಂದು ಹೆಂಡತಿಗೂ ಹೇಳಿದ: "ಗುರುವಾರ ಕುಡಿದಿದ್ದೆ."

ದ್ರೌಪದಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಿಂದೆಲ್ಲ ಬಾಯಿ ವಾಸನೆ ಹೊಡೆಯುತ್ತಿದ್ದರೂ ಇಲ್ಲ ಎಂದು ಆಣೆ ಹಾಕುತ್ತಿದ್ದವನು ಇವನು. "ನಾ ಕೇಳಿದ್ನೇನು?" ಎಂದಳು.

"ನೀ ಕೇಳಿಲ್ಲ. ನಾ ಹೇಳೀನಿ."

ಅವತ್ತಿನಿಂದ ಮತ್ತೆ ಒಂದರಿಂದ ಎಣಿಸಿದ. ಬಸ್ಸು ತಪ್ಪಿದ ರವಿವಾರ ನಡೆದೇ ಹೋದ. ಹನ್ನೊಂದು ತಿಂಗಳು ಒಂದು ಮೀಟಿಂಗನ್ನೂ ಬಿಡಲಿಲ್ಲ.

ಈ ಸಲದ ಕಬ್ಬಿನ ಹಂಗಾಮಿನಲ್ಲಿ ಒಂದು ಬೆಳಿಗ್ಗೆ ಎರಡು ಟ್ರೇಲರ್ ಕಬ್ಬು ತುಂಬಿ ನಿಂತಿತ್ತು. ಸಂಗ್ರಾಮ ತೂರಾಡುತ್ತ ಬಂದ. ದ್ರೌಪದಿ ಅವನನ್ನು ಅವನ ಮನೆಗೆ ಅಟ್ಟಿ, ಕೊಟ್ಟಿಗೆಗೆ ಬಂದು ಗಂಡನ ಕೊರಳು ನೋಡಿದಳು. ಬರಿದಾಗಿತ್ತು.

"ಇವತ್ತ?" ಎಂದಳು.

"ಇವತ್ತ ಕುಡಿದಿಲ್ಲ."

"ನಾಳಿ?"

"ನಾಳಿದು ನಾಳಿ ಕೇಳು."

ಜನ್ಮದಲ್ಲಿ ಮುಟ್ಟುವುದಿಲ್ಲ ಎಂದಿದ್ದರೆ ಅವಳು ಕೊಡುತ್ತಿರಲಿಲ್ಲ. ಆ ಮಾತನ್ನು ಮೂರು ಸಲ ಕೇಳಿದ್ದಳು. ಚೀಲ ಬಿಚ್ಚಿ ಕೀಲಿ ಎಸೆದಳು. "ದಿನಾ ಕೇಳ್ತೀನಿ, ನೆನಪಿಟ್ಕೋರಿ."

ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲು ಅರ್ಧ ಮೈಲಿ ಇತ್ತು. ಹಳೆಯ ಗೆಳೆಯ ಶಿವಾಜಿ ಇಂಜಿನ್ನಿನ ಪಕ್ಕ ಬಂದು ಬಾಟಲಿ ಚಾಚಿದ. "ಬಾಳ ದಿನಕ್ಕ ಬಂದೀಯಲ್ಲೋ! ಕೊರಳಾಗ ಮಾಲಿನೂ ಇಲ್ಲ, ಮತ್ತೇನು ಅಡ್ಡಿ?"

"ನಾ ಕುಡುಕ ಅದೀನಿ," ಎಂದ ರಾಜಾರಾಮ. ಹಿಂದಿನ ಮೂರು ಟ್ರ್ಯಾಕ್ಟರಿನವರಿಗೂ ಕೇಳುವಂತೆ, ಎದೆಯುಬ್ಬಿಸಿ ಹೇಳಿದ. "ಅದಕ್ಕಽ ಕುಡಿಯೂದಿಲ್ಲ. ರವಿವಾರ ನಾಕಕ್ಕ ಶಾಲಿಗೆ ಬಾ."

"ಏನ್ ಸಿಗತೈತಲೇ ಅಲ್ಲಿ?"

"ಚಾ."

ಶಿವಾಜಿ ನಕ್ಕ. ಬಾಟಲಿ ಮಾತ್ರ ಜೇಬಿಗೆ ಹೋಯಿತು. "ಅಷ್ಟಽ? ಮತ್ತ ಕುಡಿದು ನೀ ಕಳಕೊಂಡದ್ದಾದರೂ ಏನು?"

ರಾಜಾರಾಮ ಸ್ಟಿಯರಿಂಗಿನಿಂದ ಎಡಗೈ ಎತ್ತಿ ತೋರಿಸಿ ಎಣಿಸಿದ. ಎರಡು ಬೆರಳು. ಅಣ್ಣಾಸಾಬನ ಒಂದು ಎತ್ತು. ಮೂರು ಮಾಲೆ. ಒಂದು ಹಂಗಾಮು.