ನೀರು ಹಾಕಿದ ತಟ್ಟೆ

ಗೈಡಿನ ಕೋಪಕ್ಕೆ ಇಡೀ ಲ್ಯಾಬೇ ನಡುಗುತ್ತಿತ್ತು. ಐದು ವರ್ಷ ಅವನ ಕೈಕೆಳಗೆ ಸವೆದ ಸಂಶೋಧಕಿಗೆ ನಡುಗುವುದೂ ಬೇಸರವಾಗಿಹೋಗಿತ್ತು. ಅವನನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಆದರೆ ಡಾಕ್ಟರೇಟಿಗೆ ಬೇಕಾದ ಸಹಿ ಅವನದೇ ಆಗಬೇಕಿತ್ತಲ್ಲ, ಹಲ್ಲು ಕಚ್ಚಿಕೊಂಡು ಇದ್ದಳು.

ಅವಳ ಕೆಲಸವೆಲ್ಲ ಜೀವಕೋಶದೊಳಗಿನ ಹನಿಗಳ ಮೇಲೆ. ಪ್ರೋಟೀನುಗಳು ಗುಂಪುಗೂಡಿ, ನೀರಿನಲ್ಲಿ ಎಣ್ಣೆ ನಿಂತಂತೆ, ಗೋಡೆಯಿಲ್ಲದ ಹನಿಗಳಾಗುತ್ತವೆ. ಪ್ರೋಟೀನು ಒಳಗೆ ಓಡಾಡಿಕೊಂಡಿದ್ದರೆ ಕ್ಷೇಮ; ಹನಿ ಗಟ್ಟಿಯಾಗಿ ನಿಂತರೆ ನರಕೋಶಕ್ಕೆ ಕುತ್ತು. ಗಟ್ಟಿ ಹನಿಯನ್ನು ಸಡಿಲಿಸುವ ಪುಟ್ಟ ಅಣುವೊಂದು ಸಿಕ್ಕಿತೆಂದು ಗೈಡು ಊರೆಲ್ಲ ಡಂಗುರ ಹೊಡೆದಿದ್ದ. ಪ್ರಯೋಗ ಮಾಡಿದ್ದು ಅವಳು. ಅಣು ಹಾಕಿದ ತಟ್ಟೆಯ ಹೊಳೆಯುವ ಹನಿಯಲ್ಲಿ ಒಂದು ಚುಕ್ಕೆಯನ್ನು ಲೇಸರಿನಿಂದ ಕಪ್ಪಾಗಿಸಿ ಕಾದಿದ್ದಳು. ಅಕ್ಕಪಕ್ಕದ ಪ್ರೋಟೀನು ನುಗ್ಗಿ ಬಂದು ಚುಕ್ಕೆ ಮತ್ತೆ ಬೆಳಗಿತ್ತು. ಅಣು ಹಾಕದ ತಟ್ಟೆಯಲ್ಲಿ ಬೆಳಗಿರಲಿಲ್ಲ.

ಪ್ರಬಂಧ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಿಗೆ ಹೋಗುವ ವಾರ ಹಳೇ ನೋಟ್‌ಬುಕ್ ತಿರುವುವಾಗ ಅವಳ ಕಣ್ಣಿಗೆ ತನ್ನದೇ ತಪ್ಪೊಂದು ಬಿತ್ತು. ಆ ಅಣು ನೀರಿನಲ್ಲಿ ಕರಗದು, ಬೇರೆ ದ್ರಾವಕದಲ್ಲಿ ಕರಗಿಸಿಯೇ ಹಾಕಬೇಕು. ಹಾಗಿದ್ದಮೇಲೆ ಹೋಲಿಕೆಯ ತಟ್ಟೆಗೆ ಬರೀ ದ್ರಾವಕ ಹಾಕಬೇಕಿತ್ತು. ಹೊಸತರಲ್ಲಿ ಅವಳು ಹಾಕಿದ್ದು ನೀರು; ಆಮೇಲೆ ಅದೇ ರೂಢಿಯಾಗಿತ್ತು. ಆ ಮಧ್ಯಾಹ್ನವೇ ದ್ರಾವಕವೊಂದನ್ನೇ ಹಾಕಿ ನೋಡಿದಳು. ಚುಕ್ಕೆ ಅಷ್ಟೇ ಬೇಗ ಬೆಳಗಿತು. ಹನಿಯನ್ನು ಸಡಿಲಿಸಿದ್ದು ದ್ರಾವಕ; ಅಣು ಏನೂ ಕಡಿದು ಕಟ್ಟೆ ಹಾಕಿರಲಿಲ್ಲ.

ಆ ಪ್ರಯೋಗದ ವಿಡಿಯೋ ತೋರಿಸಿದರೆ ಗೈಡು ಪೂರ್ತಿ ನೋಡಲಿಲ್ಲ, ಅಳಿಸಿಹಾಕು ಎಂದ. ಅವಳು ಕದಲದೆ ನಿಂತದ್ದಕ್ಕೆ ಅವನ ಪಿತ್ತ ನೆತ್ತಿಗೇರಿತು. ಇದು ತನಗೆ ಮೂರು ವರ್ಷದ ಹಿಂದೆಯೇ ಗೊತ್ತಿತ್ತೆಂದು ಬಾಯಿಬಿಟ್ಟವನೂ ಅವನೇ.

“ಗೊತ್ತಿದ್ದೂ ಸುಮ್ನಿದ್ರಾ ಸರ್?”

“ನೀರು ಹಾಕಿದ್ದು ಯಾರು? ನೀನು. ಪ್ರಬಂಧದಲ್ಲಿ ಮೊದಲ ಹೆಸರು ಯಾರದು? ನಿಂದೇ. ನನ್ನನ್ನ ಯಾರು ಕೇಳ್ತಾರೆ, ಮಗಳೇ?”

ಆ ‘ಮಗಳೇ’ಗೆ ಅವಳ ಮೈಯೆಲ್ಲ ಉರಿದುಹೋಯಿತು. ಅವಳ ತಪ್ಪನ್ನು ತಿದ್ದಬೇಕಾದವನು, ಬೇಕಾದಾಗ ಅವಳ ಕುತ್ತಿಗೆಗೇ ಬಿಗಿಯಲೆಂದು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ.

ಅವನೆದುರೇ ಕುರ್ಚಿ ಎಳೆದುಕೊಂಡು ಕೂತು ಪತ್ರಿಕೆಯ ಸಂಪಾದಕರಿಗೆ ಇಮೇಲ್ ಬರೆಯತೊಡಗಿದಳು. ನೀರು ಹಾಕಿದ್ದು ನಾನೇ ಎಂದೇ ಶುರುಮಾಡಿದಳು. ಡಾಕ್ಟರೇಟಿನ ಆಸೆ ಬಿಡು, ಇನ್ನು ಯಾವ ಲ್ಯಾಬೂ ನಿನ್ನನ್ನು ಸೇರಿಸುವುದಿಲ್ಲ ಎಂದು ಅವನು ಕೂಗಾಡಿದ. ಅವಳಿಗೆ ಅಳು ಬಂತು, ಅಳುತ್ತಲೇ ಬರೆದು ಮುಗಿಸಿ, ವಿಡಿಯೋ ಸೇರಿಸಿ ಕಳಿಸಿಬಿಟ್ಟಳು.

ಅವನ ದನಿ ಮೊದಲ ಸಲ ತಗ್ಗಿತು. “ಅದರಲ್ಲಿ ನನ್ನ ವಿಷಯ ಏನಾದ್ರೂ ಇದೆಯಾ?”

“ಮೂರು ವರ್ಷದಿಂದ ನಿಮಗೆ ಗೊತ್ತಿತ್ತು ಅಂತ. ಒಂದೇ ಸಾಲು, ಸರ್.”